ಅಪ್ಪನ ಪರ್ಹ್ಯಾಪ್ಸ್

ನಮ್ಮ ಕಡೆಯವರು ಇನ್ನೂ ಮುಂಬೈ ಸರಕಾರದ ಕೈಕೆಳಗೆ ಇದ್ದ ಕಾಲ ಅದು. ಆಗ ರೋಣ ತಾಲೂಕಿನ ನಮ್ಮ ಹಳ್ಳಿಯಲ್ಲಿ ಯಾರು ಏನು ಕೇಳಿದರೂ ಎರಡೇ ಉತ್ತರ ಸಿಗುತ್ತಿದ್ದವು. ಒಂದು ‘ಆತು’, ಇನ್ನೊಂದು ‘ಆಗೂದಿಲ್ಲ’. ನಾಳೆಗೆ ಎತ್ತು ಕೊಡುತ್ತೀಯಾ ಎಂದರೆ ಆತು. ನಿನ್ನ ಮಗಳನ್ನು ನಮ್ಮ ಹುಡುಗನಿಗೆ ಕೊಡುತ್ತೀಯಾ ಎಂದರೆ ಆಗೂದಿಲ್ಲ. ಕೇಳಿದವರು ನಗುತ್ತಲೋ ಮುಖ ಗಂಟು ಹಾಕಿಕೊಂಡೋ ತಮ್ಮ ಮನೆಯ ಹಾದಿ ಹಿಡಿಯುತ್ತಿದ್ದರು. ಎರಡು ದಿನ ಮಾತು ಬಿಟ್ಟರೂ ಮೂರನೆಯ ದಿನ ಮಜ್ಜಿಗೆ ಇಸಿದುಕೊಳ್ಳಲು ಮತ್ತೆ ಬರುತ್ತಿದ್ದರು. ನಿಮ್ಮೂರಲ್ಲೂ ಹಾಗೇ ಇದ್ದೀತು. ಆದರೆ ನಮ್ಮ ಮನೆಯೊಂದರಲ್ಲಿ ಮಾತ್ರ ಮೂರನೆಯ ಉತ್ತರವೂ ಇತ್ತು. ಅದು ಇಂಗ್ಲಿಷಿನದು. ಅದರ ಕಾಟಕ್ಕೆ ಆ ಒಂದು ಬೇಸಿಗೆಯಲ್ಲಿ ನಾನು ಎಷ್ಟು ಸಲ ಹಲ್ಲು ಕಡಿದೆನೋ, ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ಆ ಶಬ್ದ ಪರ್ಹ್ಯಾಪ್ಸ್.

ಅದನ್ನು ಮನೆಗೆ ತಂದವನು ನಮ್ಮಪ್ಪ ಚನ್ನಪ್ಪ. ಇಂಗ್ಲಿಷ್ ಐದನೇ ಇಯತ್ತೆ ಓದಿ, ಹುಡುಗನಿದ್ದಾಗ ಗದಗಿನ ಒಂದು ಹತ್ತಿ ಕಂಪನಿಯಲ್ಲಿ ಗುಮಾಸ್ತನಾಗಿದ್ದವನು. ಅಜ್ಜ ತೀರಿಕೊಂಡ ಮೇಲೆ ಹೊಲ ನೋಡಿಕೊಳ್ಳಲು ಊರಿಗೆ ಬಂದ. ಬರುವಾಗ ಒಂದು ಕರಿ ಕೋಟು, ಒಂದು ಕೊಡೆ, ಮತ್ತು ಈ ಶಬ್ದವನ್ನು ತಂದ. ಕೋಟಿಗೆ ನುಸಿ ಬಿತ್ತು, ಕೊಡೆಯ ಕಡ್ಡಿ ಮುರಿದವು. ಶಬ್ದಕ್ಕೆ ಮಾತ್ರ ಏನೂ ಆಗಲಿಲ್ಲ.

ಆ ಕಂಪನಿಯಲ್ಲಿ ಒಬ್ಬ ಬಿಳಿ ಸಾಹೇಬನಿದ್ದನಂತೆ. ಅವನ ಕತೆಯನ್ನು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ರೈತರು ಹತ್ತಿ ತುಂಬಿದ ಚಕ್ಕಡಿಗಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ‘ಸಾಹೇಬ್ರ, ಇವತ್ತ ತೂಕ ಆಕ್ಕೈತೇನ್ರಿ?’ ಎಂದು ಕೇಳುತ್ತಿದ್ದರು. ಸಾಹೇಬ ಬಾಯಿಯೊಳಗಿನ ಪೈಪನ್ನು ತೆಗೆದು, ಆಕಾಶ ನೋಡಿ, ‘ಪರ್ಹ್ಯಾಪ್ಸ್’ ಎಂದು ಮತ್ತೆ ಪೈಪು ಇಟ್ಟುಕೊಳ್ಳುತ್ತಿದ್ದ. ಅಷ್ಟೇ. ಆಗೂದಿಲ್ಲ ಅಂದಿದ್ದರೆ ಜನ ಕೂಗಾಡುತ್ತಿದ್ದರು. ಆಕ್ಕೈತಿ ಅಂದು ಆಗದೇ ಹೋಗಿದ್ದರೆ ಕೊರಳಪಟ್ಟಿಗೆ ಕೈ ಹಾಕುತ್ತಿದ್ದರು. ಈ ಶಬ್ದಕ್ಕೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಚಕ್ಕಡಿಯ ನೆರಳಲ್ಲಿ ಕೂತು ರೊಟ್ಟಿ ತಿಂದು, ಸಂಜೆತನಕ ಕಾದು, ಅಲ್ಲೇ ಮಲಗಿದರು. ‘ಬೈದಿಲ್ಲ, ಬಡದಿಲ್ಲ, ಒಂದ ಮಾತಿನಾಗ ಅಷ್ಟೂ ಮಂದೀನ್ನ ಕೂಡಿಸಿಬಿಟ್ಟ ನೋಡ್ರಿ’ ಎನ್ನುವಾಗ ಅಪ್ಪನ ಕಣ್ಣು ಮಿನುಗುತ್ತಿದ್ದವು. ಆ ರೈತರ ಎತ್ತುಗಳು ರಾತ್ರಿ ಏನು ತಿಂದವು ಎಂದು ಕೇಳುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ನಮ್ಮ ಮನೆಯಲ್ಲಿ ಆ ಶಬ್ದದ ಬಳಕೆ ಹೀಗಿತ್ತು. ‘ಅಪ್ಪಾ, ಸಂತ್ಯಾಗಿಂದ ಮಾವಿನಹಣ್ಣು ತರ್ತೀಯೇನ?’ ಪರ್ಹ್ಯಾಪ್ಸ್. ‘ಏನ್ರೀ, ಬಾವಿ ತಳ ಕಂಡೈತಿ, ಹೂಳ ತಗಸ್ತೀರೇನು?’ ಪರ್ಹ್ಯಾಪ್ಸ್. ನರಗುಂದದಿಂದ ಅತ್ತೆ ಬರುತ್ತಾಳೋ ಇಲ್ಲವೋ? ಪರ್ಹ್ಯಾಪ್ಸ್. ಕೊನೆಗೆ ಊಟಕ್ಕೆ ಕೂತಾಗ ಅವ್ವ, ‘ಇನ್ನೊಂದು ರೊಟ್ಟಿ ನೀಡ್ಲೇನ್ರಿ?’ ಅಂದರೂ ಪರ್ಹ್ಯಾಪ್ಸ್. ಅವ್ವನಿಗೆ ಇಂಗ್ಲಿಷಿನ ಗಂಧವೂ ಇರಲಿಲ್ಲ. ಆದರೂ ಆ ಶಬ್ದದ ಅರ್ಥವನ್ನು ಅವಳಷ್ಟು ಸರಿಯಾಗಿ ಕಂಡುಕೊಂಡವರನ್ನು ನಾನು ನೋಡಿಲ್ಲ. ಅವಳು ರೊಟ್ಟಿಯನ್ನು ಮುರಿದು ಅರ್ಧ ನೀಡುತ್ತಿದ್ದಳು.

ಅದು ನಮ್ಮ ಹೊಸ್ತಿಲು ದಾಟಿ ಓಣಿಗೂ ಇಳಿಯಿತು. ಎತ್ತಿನ ಕಾಲಿಗೆ ನಾಲು ಕಟ್ಟುವ ಮೆಹಬೂಬಸಾಬ ನಮ್ಮ ಮನೆಯ ಹಿಂದೆಯೇ ಇದ್ದ. ಒಳ್ಳೆಯ ಕೆಲಸಗಾರ, ಅವತ್ತಿನತನಕ ಮಾತಿಗೆ ತಪ್ಪಿದವನಲ್ಲ. ಒಂದು ದಿನ ಅವ್ವ ಹಿತ್ತಲ ಗೋಡೆಯ ಮೇಲಿಂದ, ‘ಮೆಹಬೂಬಣ್ಣಾ, ನಮ್ಮ ಎತ್ತಿಗೆ ನಾಳಿ ನಾಲ ಹೊಡೀತೀ ಏನೋ?’ ಎಂದು ಕೇಳಿದರೆ, ಅವನು ಸುತ್ತಿಗೆ ಕೆಳಗಿಟ್ಟು, ಆಕಾಶ ನೋಡಿ, ‘ಪರ್ಯಾಪ್ಸ್ ಅಕ್ಕಾರ’ ಎಂದುಬಿಟ್ಟ. ಅಪ್ಪನ ತಾಯಿ, ನಮ್ಮ ಆಯಿ, ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಅಲ್ಲಿಂದಲೇ ಕೂಗಿದಳು. ‘ಯಾವಾಕಿ ಹಡದಾಳೋ ಈ ಮಾತನ್ನ! ನಮ್ಮ ಚನ್ಯಾ ಒಬ್ಬ ಸಾಲದಂತ ಈಗ ಊರಿಗೆಲ್ಲಾ ಹತ್ತೇತಿ ಜಡ್ಡು!’

ಇಷ್ಟರವರೆಗೆ ಎಲ್ಲ ನಗುವ ಮಾತೇ. ನಗು ನಿಂತದ್ದು ಗೌರಕ್ಕನ ವಿಷಯ ಬಂದಾಗ.

ಗೌರಕ್ಕ ನನ್ನ ಅಕ್ಕ. ಆ ವರ್ಷ ಅವಳು ಮುಲ್ಕಿ ಪರೀಕ್ಷೆಗೆ ಕೂತಿದ್ದಳು. ಈಗಿನವರಿಗೆ ಮುಲ್ಕಿ ಎಂದರೆ ತಿಳಿಯಲಿಕ್ಕಿಲ್ಲ. ಏಳನೆಯ ಇಯತ್ತೆಯ ಕೊನೆಗೆ ಇರುತ್ತಿದ್ದ ದೊಡ್ಡ ಪರೀಕ್ಷೆ ಅದು, ಪಾಸಾದರೆ ಮಾಸ್ತರಿಕೆಯ ತರಬೇತಿಗೆ ಹೋಗಬಹುದಿತ್ತು. ನಮ್ಮೂರಲ್ಲಿ ಹೆಣ್ಣುಮಕ್ಕಳು ಅಲ್ಲಿತನಕ ಓದುವುದೇ ಅಪರೂಪ. ಗೌರಕ್ಕ ಓದಿದ್ದು ಸಾಲಿಯಲ್ಲಿದ್ದ ಅಕ್ಕೋರ ದೆಸೆಯಿಂದ. ಧಾರವಾಡದ ಕಡೆಯ ಆ ಹೆಣ್ಣುಮಗಳು, ಗಂಡ ಸತ್ತ ಮೇಲೆ ಒಬ್ಬಳೇ ಬಂದು ನಮ್ಮೂರಲ್ಲಿ ಪಾಠ ಹೇಳುತ್ತಿದ್ದಳು. ಗೌರಕ್ಕನಿಗೆ ಅಕ್ಕೋರ ಹಾಗೆ ಸೀರೆಯ ಸೆರಗನ್ನು ಬಿಗಿದು, ಬಗಲಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ನಡೆಯಬೇಕೆಂಬ ಹುಚ್ಚು. ಬಚ್ಚಲಲ್ಲಿ ನೀರು ಕಾಯಿಸುವಾಗ ಹತ್ತಿಕಟಿಗೆಯನ್ನು ಬಗಲಲ್ಲಿ ಹಿಡಿದು ಆಚೆ ಈಚೆ ಓಡಾಡಿ ನೋಡುತ್ತಿದ್ದಳು. ಅದನ್ನು ನೋಡಿ ನಾನು ನಕ್ಕರೆ ಅದೇ ಕಟಿಗೆಯಿಂದ ನನಗೊಂದು ಬೀಳುತ್ತಿತ್ತು.

ಬೇಸಿಗೆಯ ನಡುವೆ, ನಾವೆಲ್ಲ ಶಾವಿಗೆ ಹೊಸೆಯುತ್ತಿದ್ದ ದಿನ, ಅಕ್ಕೋರು ಬಂದರು. ಪಡಸಾಲೆಯ ತುಂಬ ಹಿಟ್ಟಿನ ವಾಸನೆ, ಹೊರಗೆ ಹಗ್ಗದ ಮೇಲೆ ಎಳೆ ಎಳೆ ಶಾವಿಗೆ. ಗೌರಕ್ಕ ಪಾಸಾಗಿದ್ದಳು. ಅಷ್ಟೇ ಅಲ್ಲ, ಧಾರವಾಡದ ತರಬೇತಿಗೆ ಅವಳ ಹೆಸರೂ ಬಂದಿತ್ತು. ಜೂನ್ ಮುಗಿಯುವ ಮೊದಲು, ಒಂದು ಸೋಮವಾರ, ಅಲ್ಲಿ ಹಾಜರಿರಬೇಕು. ಆ ದಿನ ಹೋಗದಿದ್ದರೆ ಹೆಸರು ಹೊಡೆದು ಬೇರೆಯವರನ್ನು ಕರೆಯುತ್ತಾರೆ.

‘ನಾನೂ ಧಾರವಾಡಕ್ಕ ಹೊಕ್ಕೀನಿ. ನಾನ ಕರಕೊಂಡು ಹೋಗಿ ಬಿಟ್ಟು ಬರ್ತೀನ್ರಿ. ಕಳಸ್ತೀರಲ್ಲ ಮತ್ತ?’ ಎಂದು ಅಕ್ಕೋರು ಅಪ್ಪನನ್ನು ಕೇಳಿದರು.

ಗೌರಕ್ಕನ ಕೈಯಲ್ಲಿ ಶಾವಿಗೆಯ ಎಳೆ ಹಾಗೇ ನಿಂತಿತ್ತು. ಅವ್ವನ ಕೈಯೂ ನಿಂತಿತ್ತು. ಅಪ್ಪ ಮೇಲೆ ಜಂತಿ ನೋಡಿದ.

‘ಪರ್ಹ್ಯಾಪ್ಸ್’ ಎಂದ.

ಗೌರಕ್ಕನ ಕೈಯಲ್ಲಿದ್ದ ಎಳೆ ಹರಿಯಿತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗೋಳು. ಏಪ್ರಿಲ್ಲಿನ ಕೊನೆಯಿಂದ ಜೂನ್ ತನಕ ಆ ಒಂದು ಪ್ರಶ್ನೆಯನ್ನು ಎಷ್ಟು ತರಹ ಕೇಳಬಹುದೋ ಅಷ್ಟೂ ತರಹ ಕೇಳಿದೆವು. ಗೌರಕ್ಕ ತಂಬಿಗೆ ನೀರು ಕೊಡುವಾಗ ಕೇಳಿದಳು. ನಾನು ಅಪ್ಪನ ಕಾಲು ಒತ್ತುವಾಗ ಕೇಳಿದೆ. ಅವ್ವ ಎಲೆ ಅಡಿಕೆ ಕೊಟ್ಟು ಕೇಳಿದಳು. ಆಯಿ ಬೈದು ಕೇಳಿದಳು. ಎಲ್ಲರಿಗೂ ಒಂದೇ ಶಬ್ದ. ನಾವಿಬ್ಬರೂ ಅಂಗಳದಲ್ಲಿ ಮಲಗಿಕೊಂಡು ಆ ದಿನದ ಪರ್ಹ್ಯಾಪ್ಸ್ ಎಂಥದ್ದಾಗಿತ್ತು ಎಂದು ತೂಗಿ ನೋಡುತ್ತಿದ್ದೆವು. ‘ಇವತ್ತ ಅನ್ನುವಾಗ ಸ್ವಲ್ಪ ನಕ್ಕಂಗ ಮಾಡಿದ, ಹೌದಿಲ್ಲೋ ಪಾರಿ?’ ‘ಇಲ್ಲ, ಅಂವಗ ಕೆಮ್ಮು ಬಂದಿತ್ತು.’ ‘ನಿನ್ನಿಕಿಂತ ಇವತ್ತ ಉದ್ದ ಎಳದ ಅಂದ.’ ‘ಉದ್ದ ಎಳದ್ರ ಚಲೋನೋ ಕೆಟ್ಟದ್ದೋ?’ ಗೌರಕ್ಕನಿಗೂ ಗೊತ್ತಿರಲಿಲ್ಲ.

ಅವಳು ಅಜ್ಜನ ಹಳೆಯ ಟ್ರಂಕನ್ನು ಅಟ್ಟದಿಂದ ಇಳಿಸಿ, ಒರೆಸಿ, ಎರಡು ಸೀರೆ, ಒಂದು ಕನ್ನಡಿ, ಒಂದು ಪೆನ್ಸಿಲ್ ಇಟ್ಟಳು. ಸಂಜೆ ಅಪ್ಪನ ಧ್ವನಿ ಸ್ವಲ್ಪ ಬಿರುಸಾಗಿ ಕೇಳಿಸಿತೆಂದು ಎಲ್ಲ ತೆಗೆದಳು. ಮರುದಿನ ಮತ್ತೆ ಇಟ್ಟಳು. ನನಗೆ ಆಗ ಅನ್ನಿಸಿದ್ದನ್ನು ಈಗಲೂ ಹೇಳುತ್ತೇನೆ: ಆಗೂದಿಲ್ಲ ಅಂದಿದ್ದರೆ ಅವಳು ಒಂದು ದಿನ ಅತ್ತು, ಎರಡು ದಿನ ಉಪವಾಸ ಬಿದ್ದು, ಮೂರನೆಯ ದಿನ ಎದ್ದು ಕಸ ಹೊಡೆಯುತ್ತಿದ್ದಳು. ಆ ಶಬ್ದ ಅವಳಿಗೆ ಅಳುವುದಕ್ಕೂ ಬಿಡಲಿಲ್ಲ, ನಗುವುದಕ್ಕೂ ಬಿಡಲಿಲ್ಲ.

ಒಂದು ಮಧ್ಯಾಹ್ನ ನಾವಿಬ್ಬರೂ ಪಡಸಾಲೆಯ ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಹುಣಸೆಬೀಜವನ್ನು ಒಡೆದು ಮಾಡಿದ ಪಕ್ಕಗಳನ್ನು ಕೈಯಲ್ಲಿ ಕುಲುಕಿ ಚೆಲ್ಲುವುದು, ಬಿಳಿ ಬದಿ ಎಷ್ಟು ಬಿದ್ದವೋ ಅಷ್ಟು ಮನೆ ನಡೆಸುವುದು. ಅಪ್ಪ ಅಲ್ಲೇ ಒರಗಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ನನಗೆ ಆಟದಲ್ಲಿ ಸೋತ ಸಿಟ್ಟು ಬೇರೆ ಇತ್ತು. ನೇರವಾಗಿ ಕೇಳಿಯೇಬಿಟ್ಟೆ.

‘ಅಪ್ಪಾ, ಆ ನಿನ್ನ ಪರ್ಹ್ಯಾಪ್ಸ್ ಅಂದ್ರ ಹೌದಂತನೋ ಇಲ್ಲಂತನೋ? ಒಂದ ಸರೆ ಹೇಳಿಬಿಡ.’

ಅಪ್ಪನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವನಿಗೆ ಖುಷಿಯಾಯಿತು, ಎದ್ದು ಕೂತ. ಅವನಿಗೆ ಕಲಿಸಿದ ಇಂಗ್ಲಿಷ್ ಮಾಸ್ತರರು ಶಬ್ದಗಳ ಬೇರು ಕಿತ್ತು ತೋರಿಸುವವರಂತೆ. ಅದು ಅವನಿಗೆ ಇನ್ನೂ ನೆನಪಿತ್ತು.

‘ಎರಡೂ ಅಲ್ಲ. ಹ್ಯಾಪ್ ಅಂತ ಒಂದ ಹಳೇ ಶಬ್ದ ಇತ್ತು. ಹ್ಯಾಪ್ ಅಂದ್ರ ದೈವ, ನಸೀಬ. ಪರ್ ಅಂದ್ರ ಅದರ ಮೂಲಕ. ನಸೀಬಿನ್ಯಾಗ ಹ್ಯಾಂಗ ಬರ್ತೈತೋ ಹಂಗ, ಅಂತ. ಈಗ ನೀ ಪಕ್ಕ ಚೆಲ್ಲಿದೆಲ್ಲ, ಬಿಳೇವು ಬೀಳ್ತಾವೋ ಕರೇವು ಬೀಳ್ತಾವೋ ನಿನ್ನ ಕೈಯಾಗ ಐತೇನು? ಅದ ಹ್ಯಾಪ್. ಹ್ಯಾಪನ್ ಅಂದ್ರ ಹಂಗ ಒದಗಿ ಬರೂದು. ಹ್ಯಾಪಿ ಅನ್ನೂದೂ ಅದರಾಗಿಂದನ ಬಂದೈತಿ. ದೈವ ಒಲದಾಂವ ಹ್ಯಾಪಿ.’

ಗೌರಕ್ಕ ಪಕ್ಕ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. ‘ಸಂತೋಷ ಅನ್ನೂದೂ ಅದರಾಗ ಹುಟ್ಟೇತೇನಪಾ?’

‘ಅದರಾಗನ’ ಎಂದ ಅಪ್ಪ, ಮತ್ತೆ ಒರಗಿಕೊಂಡ.

ಹುಚ್ಚಿ ಅಷ್ಟಕ್ಕೇ ಅರಳಿದಳು. ಪರ್ಹ್ಯಾಪ್ಸಿನ ಹೊಟ್ಟೆಯೊಳಗೆ ಸಂತೋಷವಿದೆ ಎಂದ ಮೇಲೆ ಅಪ್ಪ ಕಳಿಸಿಯೇ ಕಳಿಸುತ್ತಾನೆ ಎಂದು ನನ್ನ ಮುಂದೆ ಹೇಳಿ, ಟ್ರಂಕಿನಲ್ಲಿ ಮತ್ತೆರಡು ರವಿಕೆ ಇಟ್ಟಳು. ನನಗೆ ಮಾತ್ರ ತಲೆ ಚಿಟ್ಟು ಹಿಡಿಯಿತು. ಮಗಳನ್ನು ಕಳಿಸುವುದು ಹುಣಸೆ ಪಕ್ಕದ ಆಟವೇ? ಕಳಿಸುವವನು ಇವನು, ಗಾಡಿ ಹೊಳೆಆಲೂರಿನ ಸ್ಟೇಷನ್ನಿಗೆ ಬರುವುದಂತೂ ನಿಶ್ಚಯ, ಇದರಲ್ಲಿ ದೈವಕ್ಕೆ ಏನು ಕೆಲಸ ಎಂದು ಹತ್ತು ವರ್ಷದವಳಿಗೆ ತಿಳಿದದ್ದು ಇಂಗ್ಲಿಷ್ ಓದಿದವನಿಗೆ ಯಾಕೆ ತಿಳಿಯಲಿಲ್ಲ?

ಜೂನ್ ಬಂತು. ಒಂದೆರಡು ಮಳೆ ಬಿದ್ದು ಎರೆಹೊಲ ವಾಸನೆ ಬಿಟ್ಟಿತು. ಸೋಮವಾರಕ್ಕೆ ಎರಡೇ ದಿನ ಉಳಿದವು. ಶನಿವಾರ ನಸುಕಿನಲ್ಲೇ ಅವ್ವ ತಲೆಗೆ ಎರೆದುಕೊಂಡು, ‘ಹನುಮಪ್ಪಗ ಹೂ ಕೇಳೂಣು ನಡೀರಿ’ ಎಂದಳು.

ಹೂ ಕೇಳುವುದು ನಮ್ಮ ಕಡೆ ಇವತ್ತಿಗೂ ಇದೆ. ಮನುಷ್ಯರಿಂದ ಬಗೆಹರಿಯದ್ದನ್ನು ದೇವರಿಗೆ ಒಪ್ಪಿಸುವ ಪದ್ಧತಿ. ಪೂಜಾರಿ ಎರಡು ಹೂವುಗಳನ್ನು ನೀರಲ್ಲಿ ಅದ್ದಿ, ದೇವರ ಬಲ ಭುಜಕ್ಕೊಂದು ಎಡ ಭುಜಕ್ಕೊಂದು ಅಂಟಿಸುತ್ತಾನೆ. ನೀರು ಆರುತ್ತ ಬಂದ ಹಾಗೆ ಒಂದು ಉದುರುತ್ತದೆ. ಬಲದ್ದು ಮೊದಲು ಬಿದ್ದರೆ ಮಾಡು, ಎಡದ್ದು ಬಿದ್ದರೆ ಬೇಡ. ಅಷ್ಟೇ. ನಮ್ಮೂರಿನ ಎಷ್ಟೋ ಮದುವೆ, ಎಷ್ಟೋ ಬಾವಿ, ಎತ್ತಿನ ಜೋಡಿ ಎಲ್ಲ ಹೀಗೇ ಇತ್ಯರ್ಥವಾಗಿದ್ದವು. ದೇವರು ಒಮ್ಮೆ ಹೇಳಿದರೆ ಅಪ್ಪನೂ ಎದುರಾಡುವಂತಿರಲಿಲ್ಲ, ಅದೇ ಅವ್ವನ ಲೆಕ್ಕಾಚಾರ. ‘ನೀವೂ ಬರ್ರಿ’ ಎಂದು ಅವನನ್ನೂ ಕರೆದಳು. ಅವನು ಏನೆಂದನೆಂದು ನಾನು ಬೇರೆ ಹೇಳಬೇಕಾಗಿಲ್ಲ. ಬರಲಂತೂ ಇಲ್ಲ.

ಅವ್ವ, ಆಯಿ, ಗೌರಕ್ಕ, ನಾನು, ನಾಲ್ವರೂ ಗುಡಿಗೆ ಹೋದೆವು. ಒಳಗೆ ಎಳ್ಳೆಣ್ಣೆಯ ದೀಪದ ಕಮಟು ವಾಸನೆ, ಸಿಂಧೂರ ಮೆತ್ತಿದ ಹನುಮಪ್ಪ. ಪೂಜಾರಿ ಭೀಮಪ್ಪ ಎರಡು ಕೆಂಪು ಕಣಗಿಲೆ ಹೂವು ಅಂಟಿಸಿ, ‘ಏನ್ ಕೇಳ್ತಿ, ಬಾಯಿಬಿಟ್ಟು ಕೇಳವಾ ತಂಗಿ’ ಎಂದ.

ಅವ್ವ ನಾಲ್ಕು ಜನರ ಎದುರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ‘ಹನುಮಪ್ಪಾ, ನಮ್ಮ ಗೌರೀನ್ನ ಧಾರವಾಡಕ್ಕ ಕಲಿಯಾಕ ಕಳಸ್ಲೋ ಬ್ಯಾಡೋ? ಕಳಸೂದಿದ್ರ ಬಲಕ್ಕ ಕೊಡಪಾ.’

ಕಾದೆವು. ಹೊರಗೆ ಬಿಸಿಲು ಏರಿತು. ಹೂವು ಅಲ್ಲಾಡಲಿಲ್ಲ. ಗೌರಕ್ಕ ಬಲಗಡೆಯ ಹೂವನ್ನೇ ನೋಡುತ್ತ ನಿಂತಿದ್ದಳು, ಕೈ ಜೋಡಿಸಿ, ರೆಪ್ಪೆ ಬಡಿಯದೆ. ಬೇರೆ ಯಾರೋ ಬಂದು ಕಾಯಿ ಒಡೆಸಿಕೊಂಡು ಹೋದರು. ಆಯಿಗೆ ಕಾಲು ನೋವು ಬಂದು ಕೂತುಬಿಟ್ಟಳು. ಎಷ್ಟು ಹೊತ್ತಾಯಿತೋ ತಿಳಿಯದು. ಆಮೇಲೆ, ನಾವೆಲ್ಲ ನೋಡುತ್ತಿದ್ದ ಹಾಗೆಯೇ, ಎರಡೂ ಹೂವು ಕೂಡಿಯೇ ಬಿದ್ದವು. ಒಂದು ಮೊದಲು ಒಂದು ಆಮೇಲೆ ಎನ್ನುವಂತಿರಲಿಲ್ಲ. ಬಲದ್ದೂ ಎಡದ್ದೂ ಒಂದೇ ಸಲಕ್ಕೆ ಪಾದದ ಹತ್ತಿರ ಬಂದು ಬಿದ್ದವು.

ಭೀಮಪ್ಪ ಬಾಯಿ ತೆರೆದುಕೊಂಡು ನಿಂತ. ‘ನನ್ನ ಹುಟ್ಟಿನ್ಯಾಗ ಹಿಂಗ ಆದದ್ದ ನೋಡಿಲ್ಲರಿ’ ಎಂದ.

ಆಯಿ ನೆಲಕ್ಕೆ ಕೈ ಊರಿ ಎದ್ದಳು. ‘ಹನುಮಪ್ಪಗೂ ನಮ್ಮ ಚನ್ಯಾ ಇಂಗ್ಲಿಷ್ ಕಲಿಸ್ಯಾನ ತಗೋ!’

ನನಗೆ ನಗು ಬಂತು. ಗೌರಕ್ಕನ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದೆ. ಅವಳಿನ್ನೂ ಆ ಬಲ ಭುಜವನ್ನೇ ನೋಡುತ್ತಿದ್ದಳು.

‘ಇದು ಆಗಲಿಲ್ರಿ’ ಎಂದ ಭೀಮಪ್ಪ. ‘ಮುಂದಿನ ಶನಿವಾರ ಬರ್ರಿ, ಮತ್ತೊಮ್ಮಿ ಕೇಳೂಣು.’

‘ಮುಂದಿನ ಶನಿವಾರ ಅನ್ನೂದ್ರಾಗ ಅಲ್ಲಿ ಹೆಸರು ಹೊಡದಿರ್ತಾರ’ ಎಂದಳು ಅವ್ವ.

ಆಮೇಲೆ ಅವಳು ಮಾಡಿದ್ದನ್ನು ನಾನು ಮರೆತಿಲ್ಲ. ಬಾಗಿ ಎರಡೂ ಹೂವುಗಳನ್ನು ಎತ್ತಿಕೊಂಡಳು. ಗೌರಕ್ಕನನ್ನು ಭುಜ ಹಿಡಿದು ತಿರುಗಿಸಿ, ಹೆರಳಿನಲ್ಲಿ ಎರಡನ್ನೂ ಒಟ್ಟಿಗೆ ಮುಡಿಸಿದಳು.

‘ಎರಡೂ ನಮಗ ಕೊಟ್ಟಾನ. ನಡೀರಿ.’

‘ತಂಗೀ, ಹಂಗ ಬರೂದಿಲ್ಲ ಅದು’ ಎಂದ ಭೀಮಪ್ಪ.

‘ಬರ್ತೈತ್ರಿ’ ಎಂದಳು ಅವ್ವ, ಮತ್ತು ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು ಮೆಟ್ಟಿಲು ಇಳಿದಳು.

ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಹಳೆಯ ಪೇಪರು ಓದುತ್ತ ಕೂತಿದ್ದ. ‘ಬಲಕ್ಕ ಬಿತ್ತೇನು?’ ಎಂದು ಪೇಪರಿನ ಹಿಂದಿನಿಂದಲೇ ಕೇಳಿದ. ಅವ್ವ, ‘ಬಲಕ್ಕೂ ಬಿತ್ತು’ ಎಂದಳು. ಸುಳ್ಳು ಹೇಳಲಿಲ್ಲ. ಆಯಿ ಏನೋ ಹೇಳಲು ಬಾಯಿ ತೆರೆದು, ಎಲೆ ಹಾಕಿಕೊಂಡು ಮುಚ್ಚಿದಳು.

‘ಹಂಗಾರ ನಾಳಿ ಗಾಡಿಗೆ ಕಳಸೂದಲ್ಲ?’

ಅಪ್ಪ ಪೇಪರು ಮಡಚಿದ. ಗೌರಕ್ಕನ ಹೆರಳಿನಲ್ಲಿದ್ದ ಹೂವುಗಳನ್ನು ನೋಡಿದ. ಜಂತಿ ನೋಡಿದ.

‘ಪರ್ಹ್ಯಾಪ್ಸ್.’

‘ಆತು. ಚಕ್ಕಡಿ ಹೂಡಾಕ ಹೇಳತೀನಿ’ ಎಂದು ಅವ್ವ ಒಳಗೆ ಹೋಗಿಬಿಟ್ಟಳು. ಇಷ್ಟು ವರ್ಷ ಆ ಶಬ್ದಕ್ಕೆ ಅರ್ಧ ರೊಟ್ಟಿ ನೀಡಿದವಳು ಅವತ್ತು ಇಡೀ ಬುಟ್ಟಿ ಖಟಕ ರೊಟ್ಟಿ ಸುಟ್ಟಳು. ಶೇಂಗಾ ಹಿಂಡಿ ಕುಟ್ಟಿದಳು, ಉಂಡಿ ಕಟ್ಟಿದಳು. ಒಲೆಯ ಹೊಗೆಯಲ್ಲಿ ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅದು ಹೊಗೆಗೋ ಏನೋ ನಾನು ಕೇಳಲಿಲ್ಲ.

ಭಾನುವಾರ ಚಕ್ಕಡಿಯಲ್ಲಿ ಹೊಳೆಆಲೂರಿಗೆ ಹೋದೆವು. ಅಕ್ಕೋರು ಕೈಚೀಲ ಹಿಡಿದು ಮೊದಲೇ ಸ್ಟೇಷನ್ನಿನಲ್ಲಿದ್ದರು. ಅಪ್ಪ ಬರುತ್ತಾನೆಂದು ನಾವ್ಯಾರೂ ಅಂದುಕೊಂಡಿರಲಿಲ್ಲ. ನುಸಿ ತಿಂದ ಆ ಕರಿ ಕೋಟು ಹಾಕಿಕೊಂಡು ಬಂದ. ಇಳಿದ ಕೂಡಲೇ ಆಳಿಗೂ ಕೊಡದೆ ಟ್ರಂಕನ್ನು ತಾನೇ ಹೆಗಲಿಗೆ ಏರಿಸಿದ. ಊರಲ್ಲಿ ಒಂದು ಕೊಡ ನೀರು ಎತ್ತಿದವನಲ್ಲ, ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಅದನ್ನು ಹೊತ್ತುಕೊಂಡು ಅಡ್ಡಾಡಿದ. ಅವ್ವ, ‘ಕೆಳಗ ಇಡ್ರಿ, ಗಾಡಿ ಇನ್ನೂ ಬಂದಿಲ್ಲ’ ಎಂದರೂ ಇಡಲಿಲ್ಲ. ಗಾಡಿ ಬಂತು. ಗೌರಕ್ಕ ಎಲ್ಲರ ಕಾಲಿಗೆ ಬಿದ್ದು ಹತ್ತಿದಳು. ಟ್ರಂಕನ್ನು ಕಿಟಕಿಯಿಂದ ಒಳಗೆ ಕೊಡುವಾಗ ಅಪ್ಪ ಅದನ್ನು ಒಂದು ಗಳಿಗೆ ಬಿಡದೆ ಹಿಡಿದಿದ್ದ. ಒಳಗಿನಿಂದ ಅವಳು, ‘ಬಿಡಪಾ, ಹಿಡದೀನಿ’ ಎಂದ ಮೇಲೆ ಬಿಟ್ಟ.

ಗಾಡಿ ಹೋಯಿತು. ನಾವು ಚಕ್ಕಡಿ ಹತ್ತಿ ಊರಿನ ಹಾದಿ ಹಿಡಿದೆವು. ನನಗೆ ಒಳಗೊಳಗೇ ಹಿಗ್ಗು. ನೋಡಿದೆಯಾ, ಅಪ್ಪನಿಗೂ ಕಳಿಸಬೇಕೆಂದೇ ಇತ್ತು, ಸುಮ್ಮನೆ ನಮ್ಮನ್ನು ಸತಾಯಿಸಿದ ಎಂದುಕೊಂಡೆ. ಗೌರಕ್ಕ ಕೂಡ ಹಾಗೇ ಅಂದುಕೊಂಡಳು. ಮುಂದೆ ಲಕ್ಕಲಕಟ್ಟಿಯಲ್ಲಿ, ಆಮೇಲೆ ಗಜೇಂದ್ರಗಡದಲ್ಲಿ ಅವಳು ಅಕ್ಕೋರಾಗಿ ಎಷ್ಟು ಮಕ್ಕಳಿಗೆ ಅಕ್ಷರ ತೀಡಿಸಿದಳೋ. ಓದು ಬಿಡಿಸಲು ಬಂದ ಪ್ರತಿ ತಂದೆಗೂ ಒಂದೇ ಕತೆ ಹೇಳುತ್ತಿದ್ದಳು. ‘ನಮ್ಮಪ್ಪ ಆ ಕಾಲದಾಗ ಹೆಗಲ ಮ್ಯಾಲ ಟ್ರಂಕ್ ಹೊತ್ತು ನನ್ನ ಓದಾಕ ಕಳಿಸ್ಯಾನ, ನಿನಗೇನ ಧಾಡಿ?’ ಆ ಮಾತಿಗೆ ಎಷ್ಟೋ ಹುಡುಗಿಯರು ಸಾಲಿಯಲ್ಲಿ ಉಳಿದರು. ಅವ್ವ ಹೋದಳು, ಆಯಿ ಅದಕ್ಕೂ ಮೊದಲೇ ಹೋಗಿದ್ದಳು. ಕತೆ ಮಾತ್ರ ಗಟ್ಟಿಯಾಗುತ್ತಲೇ ಬಂತು.

ಅಪ್ಪನ ಕೊನೆಯ ದಿನಗಳಲ್ಲಿ ನಾನು ಊರಿಗೆ ಹೋಗಿ ಇದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ, ಹಳೆಯದೆಲ್ಲ ನೆನಪಾಗಿ, ಚೇಷ್ಟೆಗೆಂದೇ ಕೇಳಿದೆ. ಅವನ ಬಾಯಿಂದ ಆ ಶಬ್ದವನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ಬಿಟ್ಟರೆ ಬೇರೇನೂ ಇರಲಿಲ್ಲ.

‘ಅಪ್ಪಾ, ಅವತ್ತ ಅವ್ವ ಹೂ ಕೇಳದಿದ್ರ ಗೌರಕ್ಕನ್ನ ನೀ ಕಳಸ್ತಿದ್ದೇನ?’

ಅಪ್ಪ ಜಂತಿ ನೋಡಲಿಲ್ಲ. ನನ್ನ ಮುಖ ನೋಡಿದ.

‘ಇಲ್ಲವಾ’ ಎಂದ. ‘ಕಳಸ್ತಿದ್ದಿಲ್ಲ. ಮೊದಲನೇ ದಿನದಿಂದ ಮನಸಿನ್ಯಾಗ ಇಲ್ಲಾ ಅಂತನ ಇತ್ತು. ಆ ಹುಡುಗಿ ಮಾರಿ ನೋಡಿ ಅನ್ನಾಕ ಬಾಯಿ ಬರಲಿಲ್ಲ.’

‘ಮತ್ತ ಟ್ರಂಕ್ ಯಾಕ ಹೊತ್ತಿ?’

‘ಗಾಡಿ ಹತ್ತೂದ್ರಾಗ ತಿರುಗಿ ಬರ್ತಾಳ ಅಂದಕೊಂಡಿದ್ದೆ. ಟ್ರಂಕ್ ನನ್ನ ಕೈಯಾಗ ಇದ್ರ ಹ್ಯಾಂಗ ಹೊಕ್ಕಾಳು ಅಂತ ಹಿಡಕೊಂಡಿದ್ದೆ.’

ನಾನು ಚಮಚವನ್ನು ಬಟ್ಟಲಲ್ಲಿ ಇಟ್ಟುಬಿಟ್ಟೆ. ಅಪ್ಪ ಹಗುರಾದವನ ಹಾಗೆ ಕಣ್ಣು ಮುಚ್ಚಿದ. ಆ ವಾರದಲ್ಲೇ ತೀರಿಕೊಂಡ. ನನ್ನ ಸಿಟ್ಟನ್ನು ಏನು ಹೇಳಲಿ! ಬಾಲ್ಯವಿಡೀ ಒಂದು ನೆಟ್ಟಗಿನ ಉತ್ತರಕ್ಕಾಗಿ ಈ ಮನುಷ್ಯನ ಕಾಲು ಒತ್ತಿದ್ದೆ. ಆಗ ಕೊಡದೆ, ಬೇಡವಾದ ಹೊತ್ತಿನಲ್ಲಿ ಕೊಟ್ಟ. ನಾವು ಅಕ್ಕತಂಗಿಯರು ಆ ಪರ್ಹ್ಯಾಪ್ಸಿನ ಒಳಗೆ ಒಂದು ಹೌದು ಇದೆಯೆಂದು ನಂಬಿ ಇಷ್ಟು ದೂರ ಬಂದಿದ್ದೆವು. ಅದು ಅಲ್ಲಿರಲೇ ಇಲ್ಲ. ಈಗಿನ ನನ್ನ ಮೊಮ್ಮಕ್ಕಳು ಕೇಳಿದ್ದಕ್ಕೆಲ್ಲ ಥಟ್ಟನೆ ಎಸ್ ಅಥವಾ ನೋ ಅನ್ನುತ್ತಾರೆ, ಆ ಹಳೆಯ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಒಂದು ಕಾಲದಲ್ಲಿ ಅದು ತೊಲಗಲಿ ಎಂದು ಹನುಮಪ್ಪನಿಗೆ ಹರಕೆ ಹೊತ್ತವಳು ನಾನು. ತೊಲಗಿದ ಮೇಲೆ, ಅದರೊಳಗೆ ನಾವು ಇಟ್ಟುಕೊಂಡಿದ್ದ ಅಪ್ಪನೂ ಹೋದ ಎಂದು ತಿಳಿಯಿತು.

ಗೌರಕ್ಕನಿಗೆ ನಾನು ಇದನ್ನು ಹೇಳಿಲ್ಲ. ಹೋದ ತಿಂಗಳು ಗಜೇಂದ್ರಗಡಕ್ಕೆ ಹೋಗಿದ್ದೆ. ಅವಳಿಗೀಗ ಕಣ್ಣು ಮಂಜು, ಕಿವಿ ಚುರುಕು. ಅವರೆಕಾಯಿ ಸುಲಿಯುತ್ತ ಕೂತವಳು ಇದ್ದಕ್ಕಿದ್ದಂತೆ, ‘ಪಾರೀ, ಅವ್ವ ಅಷ್ಟು ಹಟ ಮಾಡದಿದ್ರೂ ಅಪ್ಪ ನನ್ನ ಕಳಸ್ತಿದ್ದ, ಅಲ್ಲ?’ ಎಂದು ಕೇಳಿದಳು. ಬೇರೆಯವರಿಗೆ ಇಷ್ಟು ವರ್ಷ ಅಷ್ಟು ಗಟ್ಟಿಯಾಗಿ ಹೇಳಿದವಳು ನನ್ನನ್ನು ಕೇಳುವಾಗ ಕೈಯಲ್ಲಿದ್ದ ಕಾಯನ್ನು ಸುಲಿಯದೆ ಹಿಡಿದಿದ್ದಳು.

‘ಕಳಸ್ತಿದ್ದ’ ಎಂದೆ. ‘ಖಾತ್ರಿ ಕಳಸ್ತಿದ್ದ.’

‘ಹೂಂ’ ಎಂದು ಅವಳು ಮತ್ತೆ ಸುಲಿಯತೊಡಗಿದಳು. ನನಗೆ ಅಲ್ಲಿ ಕೂರಲು ಆಗಲಿಲ್ಲ, ನೀರು ಕುಡಿಯುವ ನೆವದಿಂದ ಒಳಗೆ ಹೋದೆ. ಅಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಅಪ್ಪ ಇನ್ನೊಂದು ವಾರ ತಡೆದುಕೊಂಡಿದ್ದರೆ, ಆ ಮಾತನ್ನು ನಾನೂ ನಂಬಿಕೊಂಡೇ ಹೇಳಬಹುದಿತ್ತು.